ಡಬ್ಬಿಯ ಮಳೆಗಾಲ

ನಮ್ಮೂರು ಮುಂಡಗೋಡ ತಾಲೂಕಿನ ಪಾಳಾ. ಮಲೆನಾಡು ಮುಗಿದು ಬಯಲುಸೀಮೆ ಇನ್ನೂ ತೊಡಗದ ನೆಲ. ಈ ಕಡೆ ಭತ್ತವನ್ನು ಕೂರಿಗೆಯಿಂದ ಬಿತ್ತುವ ರೂಢಿಯುಂಟು. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮುಗಿಲು ನೋಡುತ್ತ ಕೂಡುವುದೊಂದೇ ಕೆಲಸ.

ಭೂಗೋಳದ ತರಗತಿಯಲ್ಲಿ ಒಮ್ಮೆ ಗುರುಗಳು 'ಫೈಟೋಟ್ರಾನ್' ಎಂಬುದರ ವಿಷಯ ಹೇಳಿದರು. 1949ರಲ್ಲಿ ಅಮೆರಿಕದ ಪ್ಯಾಸಡೀನದಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿಯು ಬೆಳಕು, ಬಿಸಿ, ತೇವಗಳನ್ನು ಬೇಕಾದಂತೆ ಒದಗಿಸುವ ಕೋಣೆಗಳನ್ನು ಕಟ್ಟಿಸಿ, ಗಿಡಗಳನ್ನು ಗಾಲಿಬಂಡಿಗಳ ಮೇಲೆ ಕೋಣೆಯಿಂದ ಕೋಣೆಗೆ ಸಾಗಿಸಿ ಅಭ್ಯಾಸ ಮಾಡಿದನಂತೆ. ದಿಲ್ಲಿಯ ಪೂಸಾದಲ್ಲಿಯೂ 1997ರಿಂದ ಅಂಥದೊಂದಿದೆ. ಕೇಳಿದ್ದೇ ತಡ, ನನಗೂ ಹುಚ್ಚು ಹಿಡಿಯಿತು.

ಹಣ್ಣಿನ ಪೆಟ್ಟಿಗೆಯೊಂದು, ಮೂರು ಎಣ್ಣೆಯ ಡಬ್ಬಿ, ನಮ್ಮ ಹೊಲದ್ದೇ ಮಣ್ಣು. ನೂರು ವ್ಯಾಟಿನ ಬಲ್ಬು ಸೂರ್ಯ; ಮೊಳೆಯಿಂದ ತೂತು ಹೊಡೆದ ತಗಡು ಮಳೆ. ವರುಣದೇವ ನಾನೇ! ಒಂದು ಡಬ್ಬಿಗೆ ದಿನಾಲು ನೀರು, ಇನ್ನೊಂದಕ್ಕೆ ಮೂರು ದಿನಕ್ಕೊಮ್ಮೆ, ಮೂರನೆಯದಕ್ಕೆ ಮೊಳಕೆಯಾದ ಮೇಲೆ ಏನೂ ಇಲ್ಲ.

ಆ ವರುಷ ರೋಹಿಣಿ ಚೆನ್ನಾಗಿ ಸುರಿದು ಮೃಗಶಿರಾ ಒಣಗಿಹೋಯಿತು. ಹೊಲದಲ್ಲಿ ಸಸಿಗಳ ಎಲೆ ಮಧ್ಯಾಹ್ನಕ್ಕೆ ಸುರುಳಿ ಸುತ್ತತೊಡಗಿದವು. ನನ್ನ ಮೂರನೆಯ ಡಬ್ಬಿ ಏಳನೆಯ ದಿನಕ್ಕೇ ಸತ್ತಿತ್ತು.

"ಏನೋ ತಮ್ಮಾ, ನಿನ್ನ ಡಬ್ಬಿ ಏನ ಹೇಳ್ತೈತಿ?" ಎಂದು ತಂದೆಯವರು ಕೇಳಿದರು. ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಬೆಳೆ ಇನ್ನು ಉಳಿಯದು, ಹರಗಿ ಮತ್ತೆ ಬಿತ್ತುವುದೇ ಲೇಸು ಎಂದು ಹೇಳಿಬಿಟ್ಟೆ. ಅವರು ಬೀಜ ಸಾಲ ತರಲು ಚೀಲ ಹುಡುಕತೊಡಗಿದರು.

ಅವ್ವ ಮಾತಾಡದೆ ಹೊಲಕ್ಕೆ ಹೋಗಿ ಒಂದು ಸಸಿಯನ್ನು ಅಗೆದು ತಂದಳು. ಬೇರು ಗೇಣುದ್ದಕ್ಕೂ ಮಿಕ್ಕಿತ್ತು. ತುದಿಗೆ ಹಸಿ ಮಣ್ಣು ಅಂಟಿತ್ತು. "ಡಬ್ಬಿಗೆ ತಳ ಐತ್ರಿ, ಹೊಲಕ್ಕ ಎಲ್ಲೈತಿ? ನಾಕ ದಿನ ತಡೀರಿ" ಎಂದಳು.

ಐದನೆಯ ರಾತ್ರಿ ಮಳೆ ಬಂತು. ಬೆಳೆ ಉಳಿಯಿತು, ಸಾಲ ತಪ್ಪಿತು. ಮರುದಿನ ತಂದೆಯವರ ಜೊತೆ ಊಟಕ್ಕೆ ಕೂಡಲು ನನಗೆ ಮುಖವಿರಲಿಲ್ಲ. ಅವರೇನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, "ನಿನ್ನ ಪೆಟ್ಟಿಗೆಯಲ್ಲಿ ರಾತ್ರಿ ಎಷ್ಟು ಗಂಟೆಗೆ ಆಗುತ್ತಿತ್ತು?" ಎಂದು ಕೇಳಿದರು. ನಾನು ಬಲ್ಬು ಆರಿಸಿಯೇ ಇರಲಿಲ್ಲ! ಟೊಮೆಟೊ ಕಾಯಿ ಕಚ್ಚುವುದು ರಾತ್ರಿಯ ತಂಪಿನಿಂದ ಎಂದು ತೋರಿಸಿದವನೇ ಆ ವೆಂಟ್. ಭತ್ತಕ್ಕೂ ರಾತ್ರಿಯ ಲೆಕ್ಕವುಂಟು: ಬೇಸಿಗೆ ಬೆಳೆಯಲ್ಲಿ ರಾತ್ರಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಇಳುವರಿ ಶೇಕಡಾ 10ರಷ್ಟು ಇಳಿಯಿತೆಂದು ಫಿಲಿಪ್ಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆಯ ದಾಖಲೆಗಳಿಂದ 2004ರಲ್ಲಿ ಪ್ರಕಟವಾಯಿತು. ಸಾಲದ್ದಕ್ಕೆ ನನ್ನ ತಗಡಿನ ಡಬ್ಬಿ ನಾಲ್ಕೂ ಕಡೆಯಿಂದ ಕಾಯುತ್ತಿತ್ತು. ಕೆಳಗಿನ ತೇವಕ್ಕೆ ದಾರಿಯೇ ಇರಲಿಲ್ಲ.

ಈ ಸಲ ಮೂರಡಿಯ ಕೊಳವೆಗಳಿಗೆ ಮಣ್ಣು ತುಂಬಿ, ಹೊಲದ ಬದುವಿನಲ್ಲಿ ಕುತ್ತಿಗೆಯವರೆಗೆ ಹೂಳಿದ್ದೇನೆ. ತಂದೆಯವರು ಬೆಳಿಗ್ಗೆ ಹೋಗಿ ನೋಡಿ ಬರುತ್ತಾರೆ. ಕೇಳಿದರೆ, ಎಮ್ಮೆ ಕಟ್ಟಲು ಹೋಗಿದ್ದೆ ಎನ್ನುತ್ತಾರೆ.