ತಕ್ಕಡಿಯ ಆ ಕಡೆ

ಜನವರಿಯಲ್ಲಿ ಕಲಬುರಗಿಯ ನೆಹರು ಗಂಜಿಗೆ ಹೋದವರು ಸೀನದೆ ಹೊರಗೆ ಬರುವುದಿಲ್ಲ. ಹೊಸ ತೊಗರಿಯ ದೂಳು ಅಂಥದ್ದು. ಟ್ರ್ಯಾಕ್ಟರು, ಲಾರಿ, ಟಂಟಂಗಳ ಸಂದಿಯಲ್ಲಿ ಹಮಾಲರು ಚೀಲ ಹೊತ್ತು ಓಡುತ್ತಿರುತ್ತಾರೆ, ಬಂಡಿಯ ಮೇಲೆ ಸುಸಲಾ, ಮಿರ್ಚಿ ಖಾಲಿಯಾಗುತ್ತಿರುತ್ತವೆ. ಈ ಗದ್ದಲದ ನಡುವೆ ಒಂದು ಅಡತ್ ಅಂಗಡಿಯ ಗಾದಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದವನು ನಮ್ಮ ಮುತ್ಯಾ. ಹಿಂದೆ ಲೋಡು ಇತ್ತು. ಅವನು ಅದಕ್ಕೆ ಒರಗಿದ್ದನ್ನು ಯಾರೂ ಕಂಡಿಲ್ಲ. ಗಂಜಿನವರು ಅವನನ್ನು ಮಿಲ್ಟ್ರಿ ಸಾವ್ಕಾರ ಎನ್ನುತ್ತಿದ್ದರು.

ತೊಂಬತ್ತರ ಹತ್ತಿರ ಬಂದು ತೀರಿಕೊಂಡಾಗ ಮಾತಾಡಲು ಬಂದವರೆಲ್ಲ ಅವನ ಫೌಜಿನ ಸಾಹಸವನ್ನೇ ಹೇಳಿದರು. ನನಗೆ ಒಳಗೊಳಗೇ ನಗು. ಮುತ್ಯಾ ಬಂದೂಕಿನ ಕಥೆ ಹೇಳಿದವನೇ ಅಲ್ಲ.

ನಿಜಾಮನ ಕಾಲದಲ್ಲಿ ಹುಟ್ಟಿದವ, ಉರ್ದು ಸಾಲಿ ಕಲಿತವ. ರಜಾಕಾರರ ಭಯಕ್ಕೆ ಮನೆಮಂದಿಯೆಲ್ಲ ಜೋಳದ ಹೊಲದಲ್ಲಿ ರಾತ್ರಿ ಕಳೆದದ್ದು ಅವನಿಗೆ ನೆನಪಿತ್ತು. 1948ರ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ಕಡೆಯಿಂದ ಭಾರತದ ಸೇನೆ ಬಂತು, 17ರಂದು ನಿಜಾಮ ಸೋಲೊಪ್ಪಿದ. ಆ ಖಾಕಿ ತಾನೂ ತೊಡಬೇಕೆಂದು ಆಗಲೇ ಅನ್ನಿಸಿತಂತೆ. ತೊಟ್ಟದ್ದೇನೋ ಹೌದು, ಆದರೆ ಸಿಕ್ಕಿದ್ದು ಸರ್ವಿಸ್ ಕೋರ್. ಅಲ್ಲಿ ಗುಂಡಿನ ಲೆಕ್ಕವಲ್ಲ, ಗೋಧಿಹಿಟ್ಟು, ಬೇಳೆ, ಸೀಮೆಎಣ್ಣೆಯ ಲೆಕ್ಕ. 1962ರ ಚೀನಾ ಯುದ್ಧದ ಬಗ್ಗೆ ಕೇಳಿದರೆ, "ನೋಡು ತಮ್ಮಾ, ಎತ್ತರದ ಗುಡ್ಡದಾಗ ನೀರು ಲಗೂ ಕುದೀತದ, ಬ್ಯಾಳಿ ಮಾತ್ರ ಬೇಯಂಗಿಲ್ಲ" ಎನ್ನುತ್ತಿದ್ದ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ನೀರು ಕಡಿಮೆ ಕಾವಿಗೇ ಕುದಿಯುತ್ತದೆ ಎಂಬುದನ್ನು ನಾನು ವಿಜ್ಞಾನದ ಮೇಷ್ಟ್ರಿಗಿಂತ ಮೊದಲು ಅವನಿಂದ ಕಲಿತೆ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದನ್ನು ಹೇಳುವಾಗಲೂ ಅವನ ಚಿಂತೆ ಒಂದೇ: ಸುಮಾರು 93,000 ಮಂದಿ ಸೆರೆಸಿಕ್ಕರು, "ಅಷ್ಟೂ ಮಂದಿಗಿ ಹೊತ್ತಿಗಿ ಸರಿಯಾಗಿ ರೊಟ್ಟಿ ಹಾಕಬೇಕಲ್ಲಪಾ!"

ಫೌಜು ಬಿಟ್ಟು ಬಂದಾಗ ನಾಡಿನಲ್ಲಿ ಬರ. ಹೊಲ ಕೈಹಿಡಿಯುವಂತಿರಲಿಲ್ಲ, ಗಂಜು ಹಿಡಿದ. ಬೇಳೆ ತೂಗುವ ಕೈ ಹಳೆಯದೇ ಅಲ್ಲವೆ, ವ್ಯಾಪಾರ ಕುದುರಿತು. ಮಾಲು ತಂದ ರೈತನಿಗೆ ಚಹಾ, ಊಟಕ್ಕೆ ಜಾಗ, ಮಗಳ ಮದುವೆಗೆ ಉಚಾಪತು. ಕೊನೆಗೆ ಹಮಾಲಿ, ತೂಕ, ಬಡ್ಡಿ ಕಳೆದ ಪಟ್ಟಿ. ಮೋಸ ಮಾಡಿದವನಲ್ಲ. ಆದರೆ ಬಡ್ಡಿ ಬಿಟ್ಟವನೂ ಅಲ್ಲ, ಸತ್ತವನೆಂದು ಸುಳ್ಳು ಹೊಗಳುವುದು ಬೇಡ.

ಸೈನ್ಯ ಬಿಟ್ಟು ಜಾವಗಲ್ ಹತ್ತಿರ ಬೇಸಾಯ ಮಾಡಿ, ಆಮೇಲೆ 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ ಕ್ಯಾಪ್ಟನ್ ಗೋಪಿನಾಥರ ಕಥೆ ಎಲ್ಲರಿಗೂ ಗೊತ್ತು. ಅದನ್ನು ಓದಿ ಹೇಳಿದಾಗ ಮುತ್ಯಾ ಕೇಳಿದ್ದಿಷ್ಟೇ: "ಹೊಲ ಹ್ಯಾಂಗ ಬಿಟ್ಟ?" ಅವನದು ಉಲ್ಟಾ ದಾರಿ. ಅರವತ್ತು ದಾಟಿದ ಮೇಲೆ ಗಾದಿಯನ್ನು ಮಗನಿಗೆ ಬಿಟ್ಟು, ಹುಮನಾಬಾದ್ ರಸ್ತೆಯ ಕಮಲಾಪುರದ ಹೊಲಕ್ಕೆ ನಡೆದುಬಿಟ್ಟ. ದುಡ್ಡಿದ್ದವರು ಹೊಲ ಕೊಳ್ಳುತ್ತಾರೆ, ಹೊಲಕ್ಕೆ ಹೋಗುವುದಿಲ್ಲ. ಅವನ ನಿಜವಾದ ಸಾಹಸ ಇದು ಎಂದು ನನ್ನ ತೀರ್ಮಾನ.

ಹಾಕಿದ್ದಾದರೂ ಏನು? ಕೆಂಪು ಬಾಳೆ! ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ, ಇದಕ್ಕೆ ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ಆಳೆತ್ತರ ದಾಟಿ ಬೆಳೆಯುವ ಗಿಡ, ಬಿರುಗಾಳಿ ಬಂದರೆ ಆಸರೆ ಕೊಡಬೇಕು, ನೀರಂತೂ ಕುಡಿದಷ್ಟೂ ಸಾಲದು. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ, ಪರಿಮಳ ಪಕ್ಕದ ಕೋಣೆಗೆ ತಿಳಿಯುವಂಥದ್ದು. ಉಳಿದ ನೆಲದಲ್ಲಿ ತೊಗರಿ. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಅಲ್ಲಿ ಸೇರುತ್ತಿದ್ದೆವು. ಹೊಲಕ್ಕೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹಿಂಡಿ ಹಚ್ಚಿಕೊಂಡು ಕೂತರೆ ಸಂಜೆಯವರೆಗೆ ಏಳುವ ಮಾತಿಲ್ಲ. ಮುತ್ಯಾ ಮಾತ್ರ ನಡುನಡುವೆ ಎದ್ದುಹೋಗಿ ತೊಗರಿ ಗಿಡ ಬಗ್ಗಿಸಿ ಕಾಯಿಕೊರಕ ಹುಳು ಹುಡುಕುತ್ತಿದ್ದ.

ತನ್ನ ತೊಗರಿಯನ್ನು ತನ್ನದೇ ಹಳೆಯ ಅಂಗಡಿಗೆ ಒಯ್ಯುತ್ತಿದ್ದ. ಮಗ ಓಡಿಬಂದು ಗಾದಿಗೆ ಕರೆದರೆ, "ಇವತ್ತು ನಾ ಮಾಲು ತಂದಾಂವ" ಎಂದು ಉಳಿದ ರೈತರೊಂದಿಗೆ ಕಟ್ಟೆಯ ಮೇಲೇ ಕೂತ. ಗುಮಾಸ್ತ ಹಸಿ ಇದೆಯೆಂದು ಕೈಯಾಡಿಸಿ, ಕಳೆದು ಬರೆದ ಪಟ್ಟಿಯನ್ನು ಕನ್ನಡಕ ಏರಿಸಿ ಎರಡೆರಡು ಸಲ ಓದಿದ. ಓದಿ ಮಗನಿಗೆ ಹೇಳಿದ: "ನಾನೂ ಹಿಂಗೇ ಬರೀತಿದ್ದೆ. ಬರೆಯೋದು ಸಸಾರ."

2015ರಲ್ಲಿ ಅಂಗಡಿಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ವರ್ಷ ಮಳೆಯಿಲ್ಲದೆ ಅವನ ಹೊಲ ಒಣಗಿತ್ತು. ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು, ಬೆಳೆಯೂ ಬಂತು. ಕ್ವಿಂಟಲಿಗೆ ಸರಕಾರದ ಬೆಂಬಲ ಬೆಲೆ 5,050 ಇದ್ದರೂ ಗಂಜಿನ ಸವಾಲು ಅದಕ್ಕಿಂತ ಕೆಳಗಿಳಿಯಿತು. ಆ ಎರಡೂ ವರ್ಷ ಮುತ್ಯಾ ಗಂಜಿನವರನ್ನು ಬೈಯಲಿಲ್ಲ, ರೈತರನ್ನೂ ಬೈಯಲಿಲ್ಲ. ರೇಡಿಯೋದ ಪೇಟೆಧಾರಣೆ ಬಂದಾಗ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಕಮಲಾಪುರದ ಕೆಂಪು ಬಾಳೆಗೆ ಅದು ಇನ್ನೂ ಮೊದಲೇ ಸಿಕ್ಕಿತ್ತು. ನೀವು ಎಂದಾದರೂ ಬೀದರಿನ ಕಡೆ ಹೊರಟು ಕಮಲಾಪುರದಲ್ಲಿ ಕೆಂಪು ಬಾಳೆ ಕಂಡರೆ ಗಾಡಿ ನಿಲ್ಲಿಸಿ ಒಂದು ಡಜನ್ ಕೊಳ್ಳಿ. ರೇಟು ಜಾಸ್ತಿ ಅನ್ನಿಸಬಹುದು. ದಯವಿಟ್ಟು ಚೌಕಾಶಿ ಮಾಡಬೇಡಿ, ಅದು ಒಂದೂವರೆ ವರ್ಷದ ಬೆಳೆ.