ಚಿನ್ನ ಕೊಟ್ಟು ಕಬ್ಬಿಣ ತೊಟ್ಟವರು

ನಾನು ಬುಡಾಪೆಸ್ಟ್ ನಗರವನ್ನು ಸೇರಿದ್ದು ಮಾರ್ಚ್ ತಿಂಗಳ ನಡುವಿನಲ್ಲಿ. ಡ್ಯಾನ್ಯೂಬ್ ನದಿಯ ಮೇಲಿನಿಂದ ಬೀಸುವ ಗಾಳಿಯಲ್ಲಿ ಚಳಿಯ ಕೊರೆತ ಇನ್ನೂ ಉಳಿದಿತ್ತು. ಬೆಳಗ್ಗೆ ಟ್ರಾಮ್ ಗಾಡಿಯನ್ನು ಹತ್ತಿದೊಡನೆ ಒಂದು ವಿಶೇಷ ಕಣ್ಣಿಗೆ ಬಿತ್ತು. ಮುದುಕನೊಬ್ಬನ ಹಳೆಯ ಕೋಟಿನ ಮೇಲೆ, ಕಾಲೇಜಿನ ಹುಡುಗಿಯ ಉಣ್ಣೆಯ ಅಂಗಿಯ ಮೇಲೆ, ತಾಯಿಯ ಮಡಿಲಲ್ಲಿ ತೂಕಡಿಸುತ್ತಿದ್ದ ಮಗುವಿನ ಎದೆಯ ಮೇಲೆ, ಎಲ್ಲೆಲ್ಲಿಯೂ ಒಂದೇ ಆಭರಣ! ಕೆಂಪು, ಬಿಳಿ, ಹಸಿರು ಪಟ್ಟಿಗಳುಳ್ಳ ರಿಬ್ಬನನ್ನು ಹೂವಿನಂತೆ ದುಂಡಗೆ ಮಡಿಸಿ ಸೂಜಿಯಿಂದ ಚುಚ್ಚಿಕೊಂಡಿದ್ದರು. ಅದರ ಹೆಸರು ಕೊಕಾರ್ದಾ. ೧೮೪೮ನೆಯ ಮಾರ್ಚ್ ೧೫ರಂದು ಈ ನಗರದಲ್ಲಿ ಸ್ವಾತಂತ್ರ್ಯದ ಕೂಗೆದ್ದಿತು. ಆ ದಿನದ ನೆನಪಿಗಾಗಿ ವರ್ಷವರ್ಷವೂ ಅದನ್ನು ತೊಡುತ್ತಾರೆ. ಮೊದಲ ಕೊಕಾರ್ದಾವನ್ನು ಕವಿ ಪೆಟೋಫಿಗಾಗಿ ಅವನ ಮಡದಿ ಯೂಲಿಯಾ ಸೆಂಡ್ರೆಯಿ ತನ್ನ ಕೈಯಾರೆ ಹೊಲಿದಳೆಂಬುದು ಅಲ್ಲಿನ ಪ್ರತೀತಿ.

ನನಗೆ ಆಭರಣಗಳ ಮೇಲೆ ಗಮನ ಹೋದುದಕ್ಕೆ ಕಾರಣವಿತ್ತು. ಊರಿನಿಂದ ಹೊರಡುವಾಗ ನನ್ನ ತಂಗಿ, “ಅಣ್ಣಾ, ಆ ದೇಶದ್ದೇ ಎನ್ನುವಂಥ ಒಂದು ಒಡವೆ ತಂದುಕೊಡು, ಬೇರೆಲ್ಲಿಯೂ ಸಿಕ್ಕದಂಥದು” ಎಂದು ಹೇಳಿದ್ದಳು. ಮಾತು ಸುಲಭ. ಆದರೆ ಯಾವ ಒಡವೆಯನ್ನು ‘ಆ ದೇಶದ್ದೇ’ ಎನ್ನಬೇಕು? ನನಗೆ ಊರು ತೋರಿಸಲು ಒಪ್ಪಿಕೊಂಡಿದ್ದ ನಿವೃತ್ತ ಇತಿಹಾಸದ ಉಪಾಧ್ಯಾಯಿನಿಯೊಬ್ಬರ ಮುಂದೆ ಈ ಪ್ರಶ್ನೆಯನ್ನಿಟ್ಟೆ. ಅವರು ನಕ್ಕು, “ಹಾಗಾದರೆ ಮೊದಲು ಕಿರೀಟವನ್ನೇ ನೋಡಿ” ಎಂದರು.

ಹಂಗೆರಿಯ ಪವಿತ್ರ ಕಿರೀಟವು ೨೦೦೦ನೆಯ ಇಸವಿಯ ಜನವರಿ ೧ರಿಂದ ನದೀತೀರದ ಸಂಸತ್ ಭವನದ ಗುಮ್ಮಟದ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ, ಖಡ್ಗಧಾರಿಗಳ ಕಾವಲಿನಲ್ಲಿದೆ. ಐವತ್ತಕ್ಕೂ ಹೆಚ್ಚು ಅರಸರ ತಲೆಯನ್ನೇರಿದ ಕಿರೀಟವಿದು. ಕೊನೆಯ ಪಟ್ಟಾಭಿಷೇಕ ೧೯೧೬ನೆಯ ಡಿಸೆಂಬರಿನಲ್ಲಿ ನಡೆಯಿತು. ತುದಿಯ ಶಿಲುಬೆ ಒಂದು ಕಡೆಗೆ ವಾಲಿದೆ. ಯಾವಾಗಲೋ ಪೆಟ್ಟು ತಿಂದು ವಾಲಿದ್ದನ್ನು ಯಾರೂ ನೆಟ್ಟಗೆ ಮಾಡಲಿಲ್ಲ. ಈಗ ರಾಷ್ಟ್ರಲಾಂಛನದಲ್ಲಿಯೂ ಆ ಶಿಲುಬೆ ವಾಲಿಕೊಂಡೇ ನಿಂತಿದೆ! ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಈ ಕಿರೀಟ ಅಮೆರಿಕದ ಸೈನ್ಯದ ವಶಕ್ಕೆ ಹೋಯಿತು. ಫೋರ್ಟ್ ನಾಕ್ಸ್ ಕೋಟೆಯ ಭಂಡಾರದಲ್ಲಿ ಅಮೆರಿಕದ ಚಿನ್ನದ ಜೊತೆಯಲ್ಲಿ ಅಜ್ಞಾತವಾಸವನ್ನು ಕಳೆದು ೧೯೭೮ನೆಯ ಜನವರಿಯಲ್ಲಿ ತವರಿಗೆ ಮರಳಿತು.

ಇದಕ್ಕಿಂತ ಹಂಗೆರಿಯದ್ದೇ ಆದ ಒಡವೆ ಇನ್ನಾವುದಿದ್ದೀತು ಎಂದುಕೊಂಡೆ. ಉಪಾಧ್ಯಾಯಿನಿ ಮೆಲ್ಲನೆ, “ಅದರ ಮೇಲಿನ ಅಕ್ಷರಗಳನ್ನು ನೋಡಿದಿರಾ?” ಎಂದು ಕೇಳಿದರು. ಕೆಳಗಿನ ಪಟ್ಟಿಯ ಬರಹವೆಲ್ಲ ಗ್ರೀಕ್. ಅದರ ಎನಾಮೆಲ್ ಚಿತ್ರಗಳಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಏಳನೆಯ ಮೈಕೇಲ್ ದುಕಾಸನಿದ್ದಾನೆ. ಹಂಗೆರಿಯ ಅರಸು ಗೇಜಾನೂ ಇದ್ದಾನೆ. ಹನ್ನೊಂದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಕುಶಲಿಗಳು ಮಾಡಿದ ಕೆಲಸವದು. ಮೇಲೆ ಅಡ್ಡಲಾಗಿ ಹಾಯ್ದಿರುವ ಕಮಾನುಗಳ ಬರಹವೋ ಲ್ಯಾಟಿನ್. ಹಂಗೆರಿ ಭಾಷೆಯ ಒಂದು ಅಕ್ಷರವೂ ಅದರ ಮೇಲಿಲ್ಲ.

ಅಲ್ಲಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ೧೮೪೮ರಲ್ಲಿ ಜನ ಕಿಕ್ಕಿರಿದು ನೆರೆದದ್ದು ಈ ಕಟ್ಟಡದ ಮುಂದೆಯೇ. ಒಳಗೆ ಚಿನ್ನದ ತಗಡಿನಲ್ಲಿ ಮೂಡಿಸಿದ ಎರಡು ಜಿಂಕೆಗಳಿವೆ. ಒಂದು ೧೯೨೩ರಲ್ಲಿ, ಇನ್ನೊಂದು ೧೯೨೮ರಲ್ಲಿ ನೆಲದಿಂದ ಹೊರಬಿದ್ದವು. ಹುನೋರ್, ಮಾಗೋರ್ ಎಂಬ ಅಣ್ಣತಮ್ಮಂದಿರು ಮಾಯಾಜಿಂಕೆಯೊಂದನ್ನು ಬೆನ್ನಟ್ಟಿ ಬಂದು ಹೊಸ ನಾಡನ್ನು ಕಂಡರೆಂದೂ ಹೂಣರಿಗೂ ಮಾಗ್ಯಾರರಿಗೂ ಅವರೇ ಮೂಲಪುರುಷರೆಂದೂ ಅಲ್ಲಿನ ಪುರಾತನ ಕಥೆ ಹೇಳುತ್ತದೆ. ಆದುದರಿಂದ ಈ ಜಿಂಕೆಯ ಪದಕಗಳು ಇಂದಿಗೂ ಅಂಗಡಿಗಳಲ್ಲಿ ತೂಗುತ್ತವೆ. ಆದರೆ ಆ ಜಿಂಕೆಗಳನ್ನು ಮಾಡಿದವರು ಶಕರು. ಮಾಗ್ಯಾರರು ಈ ಬಯಲಿಗೆ ಬರುವುದಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಮಾತದು. ಮಾಗ್ಯಾರರೇ ತಂದ ಕಲೆಯನ್ನು ನೋಡಬೇಕಾದರೆ ಹತ್ತನೆಯ ಶತಮಾನದ ಸಮಾಧಿಗಳಲ್ಲಿ ದೊರೆತ ಬೆಳ್ಳಿಯ ತಗಡುಗಳನ್ನು ನೋಡಬೇಕು. ಕುದುರೆ ಸವಾರರು ಸೊಂಟಕ್ಕೆ ಕಟ್ಟುತ್ತಿದ್ದ ಚೀಲಗಳ ಮುಚ್ಚಳಗಳವು. ಅವುಗಳ ತುಂಬ ಒಂದರೊಳಗೊಂದು ಹೆಣೆದುಕೊಂಡ ಎಲೆಬಳ್ಳಿ. ಹೆಂಗಸರು ಜಡೆಗೆ ತೊಡುತ್ತಿದ್ದ ಬಿಲ್ಲೆಗಳೂ ಇವೆ.

ಹಂಗೆರಿಯ ಅಕ್ಕಸಾಲೆಗಳು ಖ್ಯಾತಿವಡೆದ ಒಂದು ಕೆಲಸವುಂಟು. ಹುರಿಮಾಡಿದ ಸಣ್ಣ ತಂತಿಯಿಂದ ಹೂವಿನ ಅಂಚನ್ನು ಕಟ್ಟಿ ಬೆಸೆದು, ಆ ಮನೆಗಳಲ್ಲಿ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸುತ್ತಾರೆ. ಹದಿನೈದನೆಯ ಶತಮಾನದಲ್ಲಿ ಆ ನಾಡಿನಲ್ಲಿ ಬೆಳಗಿದ ವಿದ್ಯೆಯಿದು. ಶ್ರೀಮಂತರ ದರ್ಬಾರಿನ ಉಡುಪಂತೂ ಒಡವೆಗಳ ಮೆರವಣಿಗೆಯೇ ಸರಿ. ಹೆಗಲ ಮೇಲಿನ ನಿಲುವಂಗಿಗೆ ರತ್ನದ ಸರಪಣಿ, ಎದೆಯುದ್ದಕ್ಕೂ ಕೆತ್ತನೆಯ ಗುಂಡಿಗಳು, ಟೋಪಿಗೆ ಗರಿಯ ತುರಾಯಿ! ಅವುಗಳಲ್ಲಿ ಕಾಮನಬಿಲ್ಲಿನಂತೆ ಹೊಳೆಯುತ್ತಿದ್ದ ಓಪಲ್ ಕಲ್ಲಿಗೆ ‘ಹಂಗೆರಿಯ ಓಪಲ್’ ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯದ ಕಲ್ಲು ಬರುವವರೆಗೂ ಯುರೋಪಿಗೆಲ್ಲ ಅದೇ ಓಪಲ್. ಆ ಗಣಿ ಇಂದು ಸ್ಲೊವಾಕಿಯ ದೇಶದಲ್ಲಿದೆ! ಮೊದಲನೆಯ ಮಹಾಯುದ್ಧದಲ್ಲಿ ಸೋತ ಹಂಗೆರಿ ೧೯೨೦ನೆಯ ಜೂನ್ ೪ರ ತ್ರಿಯಾನೋ ಒಪ್ಪಂದದಿಂದ ತನ್ನ ಹಳೆಯ ರಾಜ್ಯದ ಸುಮಾರು ಮೂರನೆಯ ಎರಡು ಪಾಲು ನೆಲವನ್ನು ಕಳೆದುಕೊಂಡಿತು. ಆ ಹಳೆಯ ರಾಜ್ಯದ ನಕ್ಷೆಯನ್ನೇ ಬೆಳ್ಳಿಯಲ್ಲಿ ಕತ್ತರಿಸಿ ಪದಕವಾಗಿ ಧರಿಸುವವರು ಈಗಲೂ ಉಂಟು. ತೊಟ್ಟವನಿಗೆ ಅದು ತಾತನ ಕಾಲದ ಅಳಲು. ಗಡಿಯಾಚೆಯ ನೆರೆಯವನಿಗೆ ಅದೇ ಬೆದರಿಕೆ. ಒಡವೆಯೊಂದು ಇಷ್ಟು ಮಾತಾಡಬಲ್ಲುದೆಂದು ನಾನು ತಿಳಿದಿರಲಿಲ್ಲ.

ಸಂಜೆ ಕಾಫಿ ಕುಡಿಯುತ್ತ ಕುಳಿತಾಗ ಉಪಾಧ್ಯಾಯಿನಿ ಒಂದು ಕಡಗದ ಕಥೆಯನ್ನು ಹೇಳಿದರು. ೧೮೪೮ರಲ್ಲಿ ಅರ್ಥಸಚಿವನಾಗಿದ್ದ ಕೊಶುತ್, ದೇಶಕ್ಕಾಗಿ ಚಿನ್ನಬೆಳ್ಳಿ ಕೊಡಿರೆಂದು ಜನರಲ್ಲಿ ಬೇಡಿದಾಗ ಹೆಂಗಸರು ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಟ್ಟರು. ಹೋರಾಟ ಸೋತಿತು. ೧೮೪೯ನೆಯ ಅಕ್ಟೋಬರ್ ೬ರಂದು ಅರಾದ್ ಎಂಬ ಊರಿನಲ್ಲಿ ಹಂಗೆರಿಯ ಸೈನ್ಯದ ಹದಿಮೂರು ಮಂದಿ ನಾಯಕರನ್ನು ಕೊಂದರು. ಅವರ ಹೆಸರನ್ನು ಬಹಿರಂಗವಾಗಿ ಹೇಳುವಂತಿರಲಿಲ್ಲ. ಆಗ ಹೆಂಗಸರು ಕಪ್ಪು ಉಡುಪಿನೊಡನೆ ಒಂಬತ್ತು ಅಕ್ಷರಗಳ ಗುಟ್ಟನ್ನು ಕಡಗದಲ್ಲಿ ಧರಿಸಿದರು. ನಾಡೇ, ನಿನ್ನ ಮೃತರನ್ನು ಮರೆಯದಿರು, ದೂರು ಹೇಳುವವರಾಗಿ ಅವರು ಬದುಕಿದ್ದಾರೆ ಎಂಬ ಅರ್ಥದ ಒಂದು ವಾಕ್ಯದ ಮೊದಲಕ್ಷರಗಳವು. ಆ ಅಕ್ಷರಗಳೇ ಹದಿಮೂರು ಹೆಸರುಗಳ ಮೊದಲಕ್ಷರಗಳೂ ಹೌದು. ಒಂದೇ ಅಕ್ಷರಕ್ಕೆ ಇಬ್ಬರು ಮೂವರು ಸೇರಿದ್ದುಂಟು.

“ಆ ವಾಕ್ಯ ಯಾವ ಭಾಷೆಯಲ್ಲಿತ್ತು ಗೊತ್ತೆ? ಜರ್ಮನ್ ಭಾಷೆಯಲ್ಲಿ” ಎಂದರು ಉಪಾಧ್ಯಾಯಿನಿ. ಕೊಂದ ಚಕ್ರಾಧಿಪತ್ಯದ ಭಾಷೆ! ಸತ್ತವರೂ ಎಲ್ಲರೂ ಮಾಗ್ಯಾರರಲ್ಲ. ದಾಮ್ಯಾನಿಚ್ ಸರ್ಬಿಯದ ಮೂಲದವನು, ಲೈನಿಂಗೆನ್ ಜರ್ಮನ್, ಪೋಲ್ಟೆನ್‌ಬರ್ಗ್ ವಿಯೆನ್ನಾದಲ್ಲಿ ಹುಟ್ಟಿದವನು, ಕಿಶ್ ಎಂಬುವನ ಮನೆತನ ಆರ್ಮೇನಿಯದ್ದು. ಅರಾದ್ ಊರು ಇಂದು ರುಮೇನಿಯದಲ್ಲಿದೆ. ಆದರೂ ಆ ಕಡಗ ಹಂಗೆರಿಯದಲ್ಲವೆಂದು ಯಾರು ಹೇಳಿಯಾರು? ಹುಟ್ಟಿನಿಂದ ಯಾರವರಾಗಿದ್ದರೂ ಪ್ರಾಣವನ್ನು ಎಲ್ಲಿ ಕೊಟ್ಟರೋ ಅಲ್ಲಿಯವರಾದರು.

ಹೊರಡುವ ಮುನ್ನಾದಿನ ಎಚೆರಿ ಎಂಬ ಹಳೆಯ ಸಾಮಾನಿನ ಪೇಟೆಗೆ ಹೋದೆ. ಮುದುಕಿಯೊಬ್ಬಳ ಮೇಜಿನ ಮೇಲೆ ಹರಳಿನ ಓಲೆಗಳ ನಡುವೆ ಕಪ್ಪನೆಯ ಉಂಗುರವೊಂದು ಬಿದ್ದಿತ್ತು. ಮೇಲೆ ‘ಪ್ರೋ ಪಾತ್ರಿಯಾ ೧೯೧೪’ ಎಂಬ ಲ್ಯಾಟಿನ್ ಬರಹ. ನಾಡಿಗಾಗಿ ಎಂದು ಅರ್ಥ. ಮಹಾಯುದ್ಧ ಆರಂಭವಾದಾಗ ಚಿನ್ನದ ಉಂಗುರವನ್ನು ಯುದ್ಧಕಾಲದ ನಿಧಿಗೆ ಕೊಟ್ಟವರಿಗೆ ಇಂಥ ಕಬ್ಬಿಣದ ಉಂಗುರ ದೊರೆಯುತ್ತಿತ್ತು. ಮದುವೆಯುಂಗುರವನ್ನೇ ಕಳಚಿಕೊಟ್ಟವರಿದ್ದರು. ಅವರು ಕೊಟ್ಟ ಚಿನ್ನ ಕರಗಿತು, ಯುದ್ಧ ಸೋತಿತು, ರಾಜ್ಯವೂ ಒಡೆಯಿತು. ಉಳಿದದ್ದು ಈ ಕಬ್ಬಿಣ. ಬೆಲೆ ಕೇಳಿದೆ. ಪಕ್ಕದ ಗಾಜಿನ ಓಲೆಗಿಂತ ಕಡಿಮೆ! ಕೊಂಡುಕೊಂಡೆ.

ಊರಿಗೆ ಬಂದು ಅದನ್ನು ತಂಗಿಯ ಅಂಗೈಯಲ್ಲಿಟ್ಟಾಗ ಅವಳ ಮುಖ ಸ್ವಲ್ಪ ಬಾಡಿತು. “ಇದೇನಣ್ಣಾ, ಕಬ್ಬಿಣ?” ಎಂದಳು. ನಾನು ಕಥೆಯೆಲ್ಲವನ್ನೂ ಹೇಳಿದೆ. ಅವಳು ಉಂಗುರವನ್ನು ಬೆಳಕಿಗೆ ಹಿಡಿದು, ಒಳಮೈ ಸವೆದು ನುಣುಪಾಗಿದ್ದುದನ್ನು ಬೆರಳಿನಿಂದ ಸವರಿ ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ.

“ಬಹಳ ದಿನ ತೊಟ್ಟಿದ್ದಾಳೆ. ಯುದ್ಧಕ್ಕೆ ಹೋದ ಅವಳ ಗಂಡ ತಿರುಗಿ ಬಂದನೇ, ಅಣ್ಣಾ?” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಉಂಗುರವನ್ನು ಅವಳು ತನ್ನ ಚಿನ್ನದ ಒಡವೆಗಳ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿದ್ದಾಳೆ.