ನಿಡೋಣಿಯ ಹೊಲದಲ್ಲೊಂದು ಒಂಟಿ ನಳಿಗೆಯ ಬಂದೂಕು

ವಿಜಯಪುರಕ್ಕೆ ಪ್ರವಾಸ ಬರುವ ಶಾಲಾ ಮಕ್ಕಳು ಗೋಳಗುಮ್ಮಟದಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆ ಹೋಗಿ ನಿಲ್ಲುವುದು ಮುಲಕ್ ಮೈದಾನ ತೋಪಿನ ಮುಂದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಹಾರಿಸಿದವನು ಸದ್ದಿಗೆ ಹೆದರಿ ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನೆಂದು ಗೈಡುಗಳು ಹೇಳುತ್ತಾರೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ ಕೇವಲ 150 ರೂಪಾಯಿ. ಪುಣ್ಯಕ್ಕೆ ಆ ಹರಾಜು ರದ್ದಾಯಿತು, ತೋಪು ಬುರುಜಿನ ಮೇಲೆಯೇ ಉಳಿಯಿತು.

ಈ ಸಲ ನಾನು ನೋಡಿ ಬಂದದ್ದು ಮಾತ್ರ ಅದೇ ಜಿಲ್ಲೆಯ ಇನ್ನೊಂದು ಬಂದೂಕನ್ನು. ತೂಕ ಮೂರು ಕಿಲೋ ಇದ್ದರೆ ಹೆಚ್ಚು. ಇದಕ್ಕೆ ಬುರುಜಿಲ್ಲ, ಗೈಡಿಲ್ಲ. ನಿಡೋಣಿಯ ಒಂದು ಮಾಳಿಗೆ ಮನೆಯಲ್ಲಿ, ಹಳೆಯ ಧೋತರದಲ್ಲಿ ಸುತ್ತಿಕೊಂಡು ಮಲಗಿತ್ತು.

ಎಳ್ಳಮಾವಾಸ್ಯೆಗೆ ಬಾ ಎಂದು ಗೆಳೆಯ ಕರೆದಿದ್ದ. ಬಬಲೇಶ್ವರ ಸೀಮೆಯ ಈ ಊರಿಗೆ ಆ ದಿನಗಳಲ್ಲಿಯೇ ಹೋಗಬೇಕು. ಎರೆಹೊಲದಲ್ಲಿ ಜೋಳ ಆಳೆತ್ತರ ನಿಂತಿರುತ್ತದೆ, ನಡುನಡುವೆ ಕುಸುಬಿಯ ಹಳದಿ, ಕಡಲೆಯ ಹಸಿರು. ಬೋರುಗಳೂ ಕಾಲುವೆಯ ನೀರೂ ಬಂದ ಮೇಲೆ ದ್ರಾಕ್ಷಿಯ ಚಪ್ಪರ, ಕಬ್ಬು ಈ ಸೀಮೆಯ ತುಂಬ ಹಬ್ಬಿವೆ. ಆದರೂ ಎಳ್ಳಮಾವಾಸ್ಯೆಯ ದಿನ ಎಲ್ಲರಿಗೂ ನೆನಪಾಗುವುದು ಜೋಳದ ಹೊಲವೇ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ಮೊದಲು ಭೂಮಿತಾಯಿಗೆ ಎಡೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಊಟ. ಚೆಲ್ಲಿದ ಚರಗ ತಿನ್ನಲು ಹಕ್ಕಿಗಳು ನಮ್ಮ ಬೆನ್ನ ಹಿಂದೆಯೇ ಇಳಿಯುತ್ತವೆ.

ಊಟಕ್ಕೆ ಕುಳಿತಾಗ ಬದುವಿನ ಜಾಲಿಯ ಗಿಡದತ್ತಣಿಂದ ಕೌಜುಗ ಕೂಗಲಾರಂಭಿಸಿತು. ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಒಂದೇ ಸಮನೆ ಏರುವ ಕೂಗು. ಗೆಳೆಯನ ತಂದೆಗೆ, ಅಂದರೆ ಮನೆಯವರೆಲ್ಲ ಮುತ್ಯಾ ಎನ್ನುವ ಹಿರಿಯರಿಗೆ, ಅದು ಕೇಳಿಸಲಿಲ್ಲ. ಮೊಮ್ಮಗ ಭುಜ ಮುಟ್ಟಿ ತೋರಿಸಿದ ಮೇಲೆ ತಲೆ ಹೊರಳಿಸಿ ಬಲಗಿವಿ ಕೊಟ್ಟು ಆಲಿಸಿದರು.

"ಎಡಗಿವಿ ಬಂದೂಕು ತಿಂದೈತಿ ನೋಡ್ರಿ," ಎಂದರು ನಗುತ್ತ.

ಬಲಭುಜಕ್ಕೆ ಬಂದೂಕು ಇಟ್ಟುಕೊಳ್ಳುವವರಿಗೆ ಮೊದಲು ಮಂದವಾಗುವುದು ಎಡಗಿವಿ. ನಳಿಗೆಯ ಬಾಯಿಯ ಕಡೆಗೆ ಹೊರಳಿರುವುದು ಅದೇ ಆದ್ದರಿಂದ. ಅವರ ಕಾಲದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡವರೇ ಜಾಣರು. ಮುಲಕ್ ಮೈದಾನದ ಗೋಲಂದಾಜನ ನೀರಿನ ತೊಟ್ಟಿಯ ಕತೆಯನ್ನು ನಾನು ಆವರೆಗೆ ಬರೀ ಕತೆಯೆಂದೇ ನಂಬಿದ್ದೆ.

ಮಾತು ಬಂದೂಕಿನತ್ತ ಹೊರಳಿದ್ದು ಹೀಗೆ. ಹೊರಳಿಸಿದವನು ಮೊಮ್ಮಗ. ಪಿಯುಸಿ ಎರಡನೇ ವರ್ಷ, ವಿಜ್ಞಾನ. ಹೊರದೇಶದ ಬೇಟೆಗಾರರ ಒಂದು ಚಿತ್ರದಲ್ಲಿ ನಡುವೆ ಪೂರ್ತಿ ಮಡಚಿಕೊಳ್ಳುವ ಒಂಟಿ ನಳಿಗೆಯ ಬಂದೂಕನ್ನು ಕಂಡಿದ್ದನಂತೆ. ಚಾಕುವಿನ ಹಾಗೆ ಮಡಚಿದರೆ ನಳಿಗೆ ಹಿಡಿಯ ಕೆಳಗೆ ಬಂದು ಕೂಡುತ್ತದೆ, ಅರ್ಧ ಉದ್ದವಾಗುತ್ತದೆ, ಚೀಲದೊಳಗೆ ಹೋಗುತ್ತದೆ. ತೂಕ ಎರಡು ಕಿಲೋ ಆಸುಪಾಸು. "ಮುತ್ಯಾ, ನಿನ್ನ ಬಂದೂಕು ಬಿಟ್ಟು ಅಂಥಾದೊಂದು ಯಾಕ ತಗೊಳ್ಳಲಿಲ್ಲ ನೀ?" ಎಂಬುದು ಅವನ ಪ್ರಶ್ನೆ.

ಮುತ್ಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಉತ್ತರ ಹೇಳಿದರು. ಅವರು ಬಂದೂಕು ಕೊಂಡದ್ದು ಅರವತ್ತರ ದಶಕದ ಕೊನೆಯಲ್ಲಿ. ಹಾಲುಗಾಳಿನ ಜೋಳಕ್ಕೆ ಬೀಳುವ ಹಕ್ಕಿಗಳನ್ನು ಕವಣೆ, ಡಬ್ಬಿಯ ಸದ್ದಿನಿಂದ ಓಡಿಸಬಹುದಿತ್ತು. ರಾತ್ರಿ ನುಗ್ಗುವ ಹಂದಿ, ಹಿಂಡು ಹಿಂಡಾಗಿ ಬರುವ ಚಿಗರಿ ಅದಕ್ಕೆ ಬಗ್ಗುತ್ತಿರಲಿಲ್ಲ. ಬೆಳೆ ಕಾಯುವ ನೆಪ ಒಂದು. ಕೌಜುಗ, ಲಾವಕ್ಕಿಯ ಆಸೆ ಇನ್ನೊಂದು, ಅದನ್ನು ಅವರು ಮುಚ್ಚಿಡಲಿಲ್ಲ. ಆಗ ಅದಕ್ಕೆ ಈಗಿನಂತೆ ಪೂರ್ತಿ ನಿಷೇಧವೂ ಇರಲಿಲ್ಲ.

ಒಣಭೂಮಿಯ ಹಕ್ಕಿಯ ಬೇಟೆಯೆಂದರೆ ನಡಿಗೆಯೇ ಮುಖ್ಯ. ಕೌಜುಗ ಸುಲಭಕ್ಕೆ ಹಾರುವುದಿಲ್ಲ; ಬೇಲಿಯ ಬುಡದಲ್ಲಿ ತಲೆ ತಗ್ಗಿಸಿ ಓಡುತ್ತದೆ. ಕಾಲ ಬುಡಕ್ಕೇ ಬಂದಾಗ ಭರ್ರೆಂದು ಎದ್ದು ತಗ್ಗಿನಲ್ಲಿಯೇ ಹಾರಿ ಮತ್ತೆ ಇಳಿದುಬಿಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಂಟು ತಾಸು ಬಂದೂಕು ಹೊತ್ತರೆ ಅದನ್ನು ಭುಜಕ್ಕೇರಿಸುವುದು ನಾಲ್ಕೈದು ಸಲ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಹಾಗಾಗಿ ಹಗುರವಾದದ್ದು ಬೇಕು ಎಂದು ಯಾರಿಗಾದರೂ ಅನ್ನಿಸುವುದೇ.

"ಹಗುರ ಬಂದೂಕು ಹೊತ್ಕೊಂಡು ತಿರಗಾಕ ಚಲೋ ತಮ್ಮಾ. ಹೊಡ್ಯಾಕ ಅಲ್ಲ," ಎಂದರು ಮುತ್ಯಾ.

ಹುಡುಗ ನಂಬಲಿಲ್ಲ. ಆಗ ನಾನು ಬದುವಿನ ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದೆ. ಹನ್ನೆರಡು ಬೋರಿನ ಒಂದು ಕಾಡತೂಸಿನಿಂದ ಸುಮಾರು 30 ಗ್ರಾಂ ಛರ್ರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ ಎನ್ನೋಣ. ಸಂವೇಗ 12. ಅಷ್ಟೇ ಸಂವೇಗ ಬಂದೂಕಿಗೂ, ಹಿಮ್ಮುಖವಾಗಿ. ಬಂದೂಕು ಮೂರು ಕಿಲೋ ಇದ್ದರೆ ಅದು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಭುಜಕ್ಕೆ ಒದೆಯುತ್ತದೆ. ಎರಡೇ ಕಿಲೋ ಇದ್ದರೆ 6 ಮೀಟರ್. ಶಕ್ತಿಯ ಲೆಕ್ಕ ಹಾಕಿದರೆ ಮೊದಲನೆಯದು 24 ಜೌಲ್, ಎರಡನೆಯದು 36. ಒಂದು ಕಿಲೋ ಉಳಿಸಿದ್ದಕ್ಕೆ ಒಂದೂವರೆ ಪಟ್ಟು ಒದೆತ! ಸಿಡಿಮದ್ದಿನ ಅನಿಲದ ಪಾಲು ಸೇರಿಸಿದರೆ ಇನ್ನಷ್ಟು. ಹುಡುಗ ಲೆಕ್ಕವನ್ನು ಎರಡು ಸಲ ತಿದ್ದಿ ನೋಡಿದ. ನ್ಯೂಟನ್ನನ ಮೂರನೆಯ ನಿಯಮವನ್ನು ಮುತ್ಯಾ ಶಾಲೆಯಲ್ಲಿ ಓದಿದವರಲ್ಲ, ಭುಜದಿಂದ ಕಲಿತವರು.

ಈ ಕಾರಣಕ್ಕೇ ಹಗುರವಾದ ಮಡಚು ಬಂದೂಕು ಆಯುವವರು ಬೋರನ್ನೂ ಚಿಕ್ಕದು ಮಾಡಿಕೊಳ್ಳುತ್ತಾರೆ. ಬೋರಿನ ಲೆಕ್ಕ ವಿಚಿತ್ರ: ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡು ಮಾಡಬಹುದೋ ಅದೇ ಬೋರ್. ಹನ್ನೆರಡಾದರೆ ಹನ್ನೆರಡು ಬೋರ್, ಇಪ್ಪತ್ತೆಂಟಾದರೆ ಇಪ್ಪತ್ತೆಂಟು ಬೋರ್. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣದು. ಛರ್ರೆಗೂ ಇದೇ ತಿರುಗುಮುರುಗು: ಎಂಟನೇ ನಂಬರಿನದು ಆರನೆಯದಕ್ಕಿಂತ ಸಣ್ಣ. ಬೋರು ಚಿಕ್ಕದಾದರೆ ಒದೆತ ಇಳಿಯುತ್ತದೆ, ಆದರೆ ಛರ್ರೆಯೂ ಕಡಿಮೆಯಾಗುತ್ತದೆ. ಗುರಿ ತುಸು ತಪ್ಪಿದರೂ ಹಕ್ಕಿ ಸಾಯುವುದಿಲ್ಲ, ಗಾಯಗೊಂಡು ಬೇಲಿ ಸೇರಿ ನರಳುತ್ತದೆ. ಒಂಟಿ ನಳಿಗೆಯವನ ಕೈಯಲ್ಲಿ ಎರಡನೇ ಏಟೂ ಇಲ್ಲ.

ಮುತ್ಯಾ ತಮ್ಮ ಬಂದೂಕನ್ನು ಆರಿಸಿದ್ದು ಹೇಗೆ? ಹಿಡಿಯ ಹಿಂಬದಿಯನ್ನು ಮೊಣಕೈಯ ಮಡಿಕೆಗೆ ಒತ್ತಿ, ತೋರುಬೆರಳು ಟ್ರಿಗರಿಗೆ ಮುಟ್ಟುತ್ತದೋ ನೋಡಿದರು. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆದಾಗ ನಳಿಗೆಯ ತುದಿಯ ಮಣಿ ನೇರ ಕಂಡಿತೋ ಇಲ್ಲವೋ ನೋಡಿದರು. ಕೀಲಿನ ಹತ್ತಿರ ಅಲುಗಾಟ ಇದೆಯೇ ಎಂದು ನಳಿಗೆ ಹಿಡಿದು ಜಗ್ಗಿದರು. ಇವತ್ತಿಗೂ ಎಲ್ಲಿಯಾದರೂ ಬಂದೂಕು ಕೊಳ್ಳುವವರಿಗೆ ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಾರರು.

ಕಾನೂನಿನ ಮಾತು. 1959ರ ಆಯುಧ ಕಾಯ್ದೆ ರಕ್ಷಣೆಗೆ ಅಥವಾ ಕ್ರೀಡೆಗೆಂದು ಬಂದೂಕು ಕೇಳುವವನ ವಿಷಯದಲ್ಲಿ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಬೆಳೆ ಕಾಯುವುದಕ್ಕೆ ಎಂದು ಅದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಬಂದೂಕನ್ನು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ. ಇಪ್ಪತ್ತೊಂದು ತುಂಬದವರಿಗೆ ಲೈಸೆನ್ಸ್ ಇಲ್ಲ. ಇನ್ನು ಹಕ್ಕಿಯ ವಿಷಯ: 1972ರ ವನ್ಯಜೀವಿ ಕಾಯ್ದೆಯಲ್ಲಿ ಕೌಜುಗ, ಲಾವಕ್ಕಿಗಳನ್ನು ಪರವಾನಗಿ ಪಡೆದು ಹೊಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಂದರೆ ಹುಡುಗ ಕೇಳುತ್ತಿದ್ದ ಬಂದೂಕಿಗೆ ಈ ನೆಲದಲ್ಲಿ ಕೆಲಸವೇ ಉಳಿದಿಲ್ಲ. ಎಲ್ಲಿ ಋತುವಿಗೆ ಇಷ್ಟೇ, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಕಟ್ಟಳೆಯ ಮೇಲೆ ಬೇಟೆ ನಡೆಯುತ್ತದೋ ಅಲ್ಲಿ ಮಾತ್ರ ಅದರ ಆಯ್ಕೆಗೆ ಅರ್ಥ.

ಬಂದೂಕು, ಲೈಸೆನ್ಸು ಎಂದಾಗ ಈ ಸೀಮೆಯಲ್ಲಿ ಹಲಗಲಿಯ ಹೆಸರು ಬಾರದೆ ಇರದು. ಕೃಷ್ಣೆಯ ಆಚೆ, ಮುಧೋಳ ತಾಲೂಕಿನ ಊರು. ಪ್ರಜೆಗಳು ಹತಾರ ಒಪ್ಪಿಸಬೇಕೆಂದು 1857ರಲ್ಲಿ ಕಂಪನಿ ಸರಕಾರ ಹುಕುಂ ಹೊರಡಿಸಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ಲಾವಣಿಯನ್ನು ಹುಡುಗ ಹತ್ತನೇ ತರಗತಿಯಲ್ಲಿ ಓದಿದ್ದ. ಅದನ್ನೇ ಅಸ್ತ್ರ ಮಾಡಿಕೊಂಡು, "ಹತಾರ ಕೊಡಬಾರದು ಅಂತ ಅವರು ಜೀವಾನ ಕೊಟ್ರು. ನಾವು ಸುಮ್ಮನ ಕೊಡೂದಾ?" ಎಂದ.

ಆಗಲೇ ನನಗೆ ಸಂಗತಿ ಅರ್ಥವಾದದ್ದು. ಲೈಸೆನ್ಸಿನ ಅವಧಿ ಮುಂದಿನ ತಿಂಗಳು ಮುಗಿಯುತ್ತಿತ್ತು. ನವೀಕರಿಸಬೇಕೋ, ಬಂದೂಕನ್ನು ಒಪ್ಪಿಸಿಬಿಡಬೇಕೋ ಎಂದು ಮನೆಯಲ್ಲಿ ಹದಿನೈದು ದಿನದಿಂದ ಜಗ್ಗಾಟ ನಡೆದಿತ್ತು. ಗೆಳೆಯ ಯಾವ ಕಡೆಗೂ ಸೇರದೆ ಕಬ್ಬಿನ ಮಾತು ತೆಗೆಯುತ್ತಿದ್ದ.

ಸಂಜೆ ಮನೆಗೆ ಬಂದ ಮೇಲೆ ಗೆಳೆಯನ ಹೆಂಡತಿ ಚಹಾ ಕೊಟ್ಟು, "ಅಣ್ಣಾರ, ಇಲ್ಲಿ ನೋಡ್ರಿ" ಎಂದು ಪಡಸಾಲೆಯ ಮಾಳಿಗೆಯತ್ತ ಕೈ ತೋರಿಸಿದಳು. ಬೇವಿನ ಜಂತಿಯ ಮೇಲೆ, ಒಂದು ತಾಟಿನಷ್ಟು ಅಗಲಕ್ಕೆ, ಗೆದ್ದಲು ಕೊರೆದಂತೆ ತೂತುಗಳು. ಅವಳು ಈ ಮನೆಗೆ ಬಂದ ವರುಷದ ಸಂಗತಿ. ಹೊಲದಿಂದ ಬಂದ ಮುತ್ಯಾ ಕಾಡತೂಸು ತೆಗೆಯಲು ಮರೆತು ಮೂಲೆಗೆ ಆನಿಸಿಟ್ಟ ಬಂದೂಕನ್ನು ಮನೆಯದೊಂದು ಕೂಸು ಎಳೆದಿತ್ತು. ನಳಿಗೆ ಮೇಲಕ್ಕಿತ್ತು, ಅಷ್ಟೇ ಪುಣ್ಯ. ಆ ಕೂಸಿಗೆ ಈಗ ಎರಡು ಮಕ್ಕಳು.

"ಮೊನ್ನೆ ಇವ ಅದನ್ನ ಕೋಲ್ಯಾಗ ಬಾಗಿಲ ಹಾಕ್ಕೊಂಡು ಭುಜಕ್ಕ ಇಟ್ಟು ನೋಡಾಕತ್ತಿದ್ದ," ಎಂದಳು ಮಗನತ್ತ ನೋಡದೆ. "ಮಾವಾರು ಹೂಂ ಅಂದ್ರ ನಾನೂ ಹೂಂ. ಆದ್ರ ಆ ತೂತು ದಿನಾ ನೋಡಾಕಿ ನಾನು."

ಮುತ್ಯಾ ಮಾತನಾಡಲಿಲ್ಲ. ಧೋತರ ಬಿಚ್ಚಿ ಬಂದೂಕು ತೆಗೆದರು. ಪಕ್ಕದ ಕೀಲಿ ಒತ್ತಿದೊಡನೆ ನಳಿಗೆ ನಡುವೆ ಮುರಿದು ಬಾಗಿತು. ಹಿಂಬಾಯಿಯಿಂದ ಲಾಟೀನಿನ ಬೆಳಕಿಗೆ ಹಿಡಿದು ನೋಡಿ, ನನಗೂ ತೋರಿಸಿದರು. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕರೆಂಟು ಹೋಗಿತ್ತೆನ್ನುವುದು ಬೇರೆ ಮಾತು. ಈ ಬಗೆಯ ಬಂದೂಕಿನ ದೊಡ್ಡ ಗುಣವೇ ಇದು: ತೆರೆದು ಹಿಡಿದರೆ ತುಂಬಿದೆಯೋ ಖಾಲಿಯೋ ಹತ್ತು ಮಾರು ದೂರದವನಿಗೂ ಕಾಣುತ್ತದೆ.

"ಅವತ್ತೂ ಹಿಂಗ ಮುರದು ಇಟ್ಟಿದ್ರ ಮುಗೀತಿತ್ತು," ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ಮೊಮ್ಮಗನಿಗೆ, "ಹಲಗಲಿಯವರ ಕಡೆ ಕಸಗೊಳ್ಳಾಕ ಬಂದಿದ್ರೋ ತಮ್ಮಾ. ನನ್ನ ಕಡೆ ಯಾರ್ ಕಸಗೊಳ್ಳಾಕ ಬಂದಾರ?"

ಹುಡುಗ ತಲೆ ತಗ್ಗಿಸಿ ಕೂತಿದ್ದ. ಉತ್ತರ ಕೊಡಲಿಲ್ಲ. ಒಪ್ಪಿದನೆಂದು ನಾನು ಹೇಳಲಾರೆ.

ಮರುದಿನ ಬೆಳಿಗ್ಗೆ ಗೆಳೆಯನ ಮೋಟರಿನಲ್ಲಿ ಹೊರಟೆವು. ಬಂದೂಕು ಹಿಂದಿನ ಸೀಟಿನಲ್ಲಿ, ತೆರೆದೇ, ಧೋತರದಲ್ಲಿ. ಪಕ್ಕದಲ್ಲಿ ಮುತ್ಯಾ, ತೊಡೆಯ ಮೇಲೆ ಲೈಸೆನ್ಸಿನ ಪುಸ್ತಕ ಮತ್ತು ಉಳಿದಿದ್ದ ಏಳು ಕಾಡತೂಸು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮರಳಿ ತರುವುದು ಅವರಿಗೆ ರೂಢಿಯಾಗಿತ್ತು. ಈ ಸಲ ಮಾತ್ರ ಮರಳಿ ತರುವ ಅರ್ಜಿ ಬರೆದಿರಲಿಲ್ಲ. ಹುಡುಗ ಬರುವುದಿಲ್ಲವೆಂದವನು ಕೊನೆಯ ಗಳಿಗೆಯಲ್ಲಿ ಓಡಿಬಂದು ಮುಂದೆ ಕೂತ. ಊರು ದಾಟುವಾಗ ಬದುವಿನಿಂದ ಒಂದು ಜೋಡಿ ಕೌಜುಗ ದಾರಿಗಡ್ಡ ಓಡಿದವು. ಗೆಳೆಯ ಬ್ರೇಕು ಒತ್ತಿದ.

"ಎಷ್ಟದಾವೋ?" ಎಂದು ಮುತ್ಯಾ ಕೇಳಿದರು. ಅವರ ಕಣ್ಣೂ ಈಗೀಗ ಮಂಜು.

"ಎರಡು ಮುತ್ಯಾ. ತಡಿ, ಹಿಂದ ಮರಿ ಅದಾವು... ಆರು," ಎಂದ ಹುಡುಗ. ಅವು ಜೋಳದೊಳಗೆ ಸೇರುವವರೆಗೆ ಗಾಡಿ ಅಲ್ಲಿಯೇ ನಿಂತಿತ್ತು.